ಮೂರು ಕರೆ, ಒಂದು ಪರದೆ

ನಮಸ್ಕಾರ. ಚಿಕ್ಕಮಗಳೂರಿನಲ್ಲಿ ಕೂತು ಆಪ್ ಬರೆಯುವವರಿಗೆ ಒಂದು ಅನುಕೂಲ ಇದೆ. ಕೆಟ್ಟ ನೆಟ್‌ವರ್ಕನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಮೂಡಿಗೆರೆ ದಾಟಿ ಕೊಟ್ಟಿಗೆಹಾರದ ಕಡೆ ಹೊರಟರೆ ಸಾಕು, ಅದೇ ಸಿಗುತ್ತದೆ.

ಕಾಫಿ ಬೆಳೆಗಾರರಿಗೆ ಅಂತ ನಾನೊಂದು ಆಪ್ ಬರೆದಿದ್ದೆ. ಮೊದಲ ಪರದೆಯಲ್ಲಿ ಮಳೆ ಮುನ್ಸೂಚನೆ, 50 ಕೆಜಿ ರೋಬಸ್ಟಾ ಚೆರ್ರಿಯ ದರ, ತೋಟದ ಕೆಲಸದ ಪಟ್ಟಿ. ಮೂರೂ ಬೇರೆ ಬೇರೆ ಸರ್ವರ್‌ನಿಂದ ಬರಬೇಕು, ಅಂದರೆ ಸರ್ವರ್‌ಗಳಿಗೆ ಮೂರು ಕರೆ. ಒಂದಕ್ಕೊಂದು ಸಂಬಂಧ ಇಲ್ಲ. ಮಳೆಗೆ 1 ಸೆಕೆಂಡ್, ದರಕ್ಕೆ 2, ಪಟ್ಟಿಗೆ 1 ಅಂದುಕೊಳ್ಳಿ. ಒಂದಾದ ಮೇಲೊಂದು ಕೇಳಿದರೆ 4 ಸೆಕೆಂಡ್. ಒಟ್ಟಿಗೆ ಕೇಳಿದರೆ ಎಲ್ಲಕ್ಕಿಂತ ನಿಧಾನದ್ದು ಎಷ್ಟೋ ಅಷ್ಟೇ, 2.

ಆಂಡ್ರಾಯ್ಡ್ ಆಪ್ ಬರೆಯುವ ಕಾಟ್ಲಿನ್ ಭಾಷೆಯಲ್ಲಿ ಇದಕ್ಕೆ ಅಸಿಂಕ್, ಅವೇಟ್ ಇವೆ. ಅಸಿಂಕ್ ಕರೆ ಶುರು ಮಾಡುತ್ತದೆ, ಅವೇಟ್ ಅದರ ಉತ್ತರಕ್ಕೆ ಕಾಯುತ್ತದೆ. ನಾನು ಅಸಿಂಕ್ ಬರೆದ ಸಾಲಿನಲ್ಲೇ ಅವೇಟ್ ಕೂಡ ಹಾಕಿದ್ದೆ! ಮೂವರು ಆಳುಗಳನ್ನು ಪೇಟೆಗೆ ಕಳಿಸಬೇಕಾದವರು, ಮೊದಲನೆಯವನು ವಾಪಸ್ ಬರುವವರೆಗೂ ಎರಡನೆಯವನ ಕೈಗೆ ಚೀಲವನ್ನೇ ಕೊಡದ ಹಾಗೆ. ಮೊದಲು ಮೂರೂ ಅಸಿಂಕ್ ಶುರು ಮಾಡಿ, ಆಮೇಲೆ ಅವೇಟ್ ಮಾಡಿ. ಇದು ಸುಲಭದ ಭಾಗ.

ನಿಜವಾದ ತಲೆನೋವು ಮಾರ್ಚ್‌ನಲ್ಲಿ ಬಂತು. ಹೂವಿನ ಕಾಲ. ನಾಳೆ ಮಳೆ ಇದೆ ಅಂತಾದರೆ ಸ್ಪ್ರಿಂಕ್ಲರ್‌ಗೆ ಡೀಸೆಲ್ ಯಾಕೆ ಸುಡಬೇಕು, ಅಲ್ವಾ? ಪಕ್ಕದ ತೋಟದವರು ಆಪ್ ತೆರೆದರೆ 'ಏನೋ ತಪ್ಪಾಗಿದೆ' ಅಂತ ಮಾತ್ರ ಬಂತು. ರಾತ್ರಿಯೆಲ್ಲ ಪಂಪ್ ಓಡಿಸಿದರು. ಮಾರನೇ ದಿನ ಮಳೆ ಹುಯ್ಯಿತು. ಅವರು ನನಗೆ ಏನಂದರು ಅನ್ನುವುದು ಇಲ್ಲಿ ಬೇಡ.

ಬಿದ್ದಿದ್ದು ದರದ ಸರ್ವರ್ ಮಾತ್ರ. ಆದರೆ ಕರೆಗಳನ್ನು ಒಟ್ಟಿಗೆ ಕಟ್ಟಿಡುವ ಕೊರೂಟೀನ್‌ಸ್ಕೋಪ್ ಒಳಗೆ ಒಂದು ಕರೆ ಸೋತರೆ, ಅದು ಇನ್ನೂ ನಡೆಯುತ್ತಿರುವ ಕರೆಗಳನ್ನು ರದ್ದು ಮಾಡುತ್ತದೆ. ಮುಗಿದ ಕರೆಯ ಉತ್ತರವೂ ಪರದೆಗೆ ತಲುಪುವುದಿಲ್ಲ. ಸೂಪರ್ವೈಸರ್‌ಸ್ಕೋಪ್ ಹಾಗೆ ಮಾಡುವುದಿಲ್ಲ. ಹಾಗಂತ ಸುಮ್ನೆ ಹೆಸರು ಬದಲಿಸಿದರೆ ಸಾಲದು. ಸೋತ ಕರೆಗೆ ಅವೇಟ್ ಮಾಡಿದಾಗ ಎಕ್ಸೆಪ್ಷನ್, ಅಂದರೆ ದೋಷದ ಸೂಚನೆ, ಬಂದೇ ಬರುತ್ತದೆ. ಹಾಗಾಗಿ ಒಂದೊಂದು ಕರೆಗೂ ಅದನ್ನು ಹಿಡಿಯುವ ಪ್ರತ್ಯೇಕ ಟ್ರೈ-ಕ್ಯಾಚ್ ಬೇಕು. ಅದೇ ಕೆಲಸವನ್ನು ಚಿಕ್ಕದಾಗಿ ಮಾಡುವ ರನ್‌ಕ್ಯಾಚಿಂಗ್ ಚೆನ್ನಾಗಿ ಕಾಣುತ್ತದೆ, ಆದರೆ ಅದು ರದ್ದತಿಯ ಸೂಚನೆಯನ್ನೂ ನುಂಗಿಬಿಡುತ್ತದೆ. ಹುಷಾರು.

ಆರ್‌ಎಕ್ಸ್‌ಜಾವಾ ಲೈಬ್ರರಿಯಲ್ಲಿ ಉತ್ತರಗಳನ್ನು ಜೋಡಿಸುವ ಜಿಪ್ ಕೂಡ ಹೀಗೇ, ಒಂದರಲ್ಲಿ ಎರರ್ ಬಂದರೆ ಎಲ್ಲ ಮುಗಿಯಿತು. ಜಿಪ್‌ಗೆ ಕೊಡುವ ಮೊದಲೇ ಪ್ರತಿಯೊಂದಕ್ಕೂ, ಎರರ್ ಬಂದರೆ ಬದಲಿ ಉತ್ತರ ಕೊಡುವ ಆನ್‌ಎರರ್‌ರಿಟರ್ನ್ ಹಾಕಿ. ಜಾವಾಸ್ಕ್ರಿಪ್ಟ್‌ನಲ್ಲಿ ಆಪ್ ಬರೆಯುವ ರಿಯಾಕ್ಟ್ ನೇಟಿವ್‌ನವರು, ಒಂದು ಸೋತರೆ ಎಲ್ಲ ಸೋಲುವ ಪ್ರಾಮಿಸ್ ಆಲ್ ಬಿಟ್ಟು, ಪ್ರತಿಯೊಂದರ ಫಲಿತಾಂಶವನ್ನೂ ಬೇರೆ ಬೇರೆ ಕೊಡುವ ಆಲ್‌ಸೆಟಲ್ಡ್ ಬಳಸಿ.

ಎಲ್ಲ ಕಡೆಯೂ ಇದೇ ಸರಿ ಅಂತಲ್ಲ. ಮಾಲಿನ ತೂಕ ಒಂದು ಕಡೆಯಿಂದ, ದರ ಇನ್ನೊಂದು ಕಡೆಯಿಂದ ಬಂದು ಬಿಲ್ ಆಗಬೇಕು ಅಂದರೆ, ಅರ್ಧ ಉತ್ತರ ಅಪಾಯ. ಅಲ್ಲಿ ಪೂರ್ತಿ ಸೋಲುವುದೇ ವಾಸಿ. ನನ್ನ ಪರದೆಯಲ್ಲಿ ಈಗ ದರ 5 ಸೆಕೆಂಡ್‌ನಲ್ಲಿ ಬರದಿದ್ದರೆ 'ನಿನ್ನೆ ಸಂಜೆಯ ದರ' ಅಂತ ಹಳೆಯದನ್ನು ತೋರಿಸುತ್ತೇನೆ. ಮಳೆ ಅದರ ಪಾಡಿಗೆ ಅದು ಬರುತ್ತದೆ.

ಲ್ಯಾಪ್‌ಟಾಪ್ ತೆರೆಯಿರಿ. ದರದ ಸರ್ವರ್ ಬೀಳಿಸಿ ನೋಡೋಣ.