ಬಿಸಿಯಾದ ಮೇಲೆ ನಿಲ್ಲುವ ಯೆಜ್ಡಿ: ಬಿಡಿಭಾಗ ಬದಲಿಸುವ ಮುನ್ನ ಏನು ನೋಡಬೇಕು?

[ದೃಶ್ಯ: ಮನೆಯಂಗಳದಲ್ಲಿ ಜೋಡಿ ಸ್ಟ್ಯಾಂಡಿನ ಮೇಲೆ ನಿಂತಿರುವ ಯೆಜ್ಡಿ ರೋಡ್‌ಕಿಂಗ್ ಬೈಕು. ಎರಡೂ ಸೈಲೆನ್ಸರುಗಳು ಕಾಣುವಂತೆ ಕ್ಯಾಮೆರಾ.]

ನಮಸ್ಕಾರ. ಬೆಳಗ್ಗೆ ಅಂಗಳದಲ್ಲಿ ಸಲೀಸಾಗಿ ಚಾಲೂ ಆಗುವ ಹಳೆಯ ಯೆಜ್ಡಿ ಬೈಕು, ಮೂವತ್ತು ನಲವತ್ತು ಕಿಲೋಮೀಟರು ಓಡಿ ಇಂಜಿನ್ ಚೆನ್ನಾಗಿ ಕಾದ ಮೇಲೆ ಏರುದಾರಿಯಲ್ಲಿ ಮುಗ್ಗರಿಸಿ ನಿಂತುಬಿಡುತ್ತದೆ. ಅರ್ಧ ಗಂಟೆ ನೆರಳಿನಲ್ಲಿ ಬಿಟ್ಟರೆ, ಏನೂ ಆಗಿಯೇ ಇಲ್ಲವೆಂಬಂತೆ ಮತ್ತೆ ಹೊರಡುತ್ತದೆ. ದೂರ ಪ್ರಯಾಣಕ್ಕೆ ಯೆಜ್ಡಿ ಬಳಸುವವರು ಹೇಳುವ ದೂರುಗಳಲ್ಲಿ ಇದೇ ಮುಖ್ಯವಾದದ್ದು, ಮತ್ತು ಬಹಳಷ್ಟು ಮಂದಿ ಇದಕ್ಕೆ ಮೊದಲು ಕೈಹಾಕುವುದು ಗಾಳಿ-ಪೆಟ್ರೋಲು ಬೆರೆಸುವ ಕಾರ್ಬುರೇಟರಿಗೆ. ಆ ತಪ್ಪು ದಾರಿಯನ್ನು ಬಿಟ್ಟು, ಮನೆಯಲ್ಲೇ ಕ್ರಮವಾಗಿ ಕಾರಣ ಹುಡುಕುವುದು ಹೇಗೆ ಎಂಬುದನ್ನು ಈ ವಿಡಿಯೋದಲ್ಲಿ ನೋಡೋಣ.

ಕ್ರಮ ಏಕೆ ಮುಖ್ಯ ಎಂದು ಮೊದಲೇ ಹೇಳಿಬಿಡುತ್ತೇನೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜಾವಾ ಹೆಸರಿನಲ್ಲಿ, ಎಪ್ಪತ್ತರ ದಶಕದಿಂದ ಯೆಜ್ಡಿ ಹೆಸರಿನಲ್ಲಿ ಗಾಡಿಗಳು ತಯಾರಾದವು. ಯೆಜ್ಡಿಯ ರೋಡ್‌ಕಿಂಗ್ ಮಾದರಿ 1978ರಲ್ಲಿ ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2022ರಲ್ಲಿ ಅದೇ ಹೆಸರಿನ ಹೊಸ ಗಾಡಿಗಳು ಮಾರುಕಟ್ಟೆಗೆ ಬಂದರೂ ಅವು ಫೋರ್ ಸ್ಟ್ರೋಕ್ ಇಂಜಿನ್ನಿನವು, ನಮ್ಮ ಟೂ ಸ್ಟ್ರೋಕ್ ಗಾಡಿಗೆ ಅವುಗಳ ಇಂಜಿನ್ ಭಾಗಗಳು ಹೊಂದುವುದಿಲ್ಲ. ಹೀಗಾಗಿ ನಿಮ್ಮ ಗಾಡಿಯ ಮೇಲೆ ಇಂದಿಗೂ ಉಳಿದಿರುವ ಕಾರ್ಖಾನೆಯ ಬಿಡಿಭಾಗವನ್ನು ಅನುಮಾನದ ಮೇಲೆ ಬಿಚ್ಚಿ ಗುಜರಿಗೆ ಹಾಕಿದರೆ, ಅದರ ಜಾಗಕ್ಕೆ ಬರುವುದು ಅನೇಕ ವೇಳೆ ಅದಕ್ಕಿಂತ ಕೀಳು ಗುಣಮಟ್ಟದ ನಕಲು. ದೋಷ ಸಾಬೀತಾಗುವವರೆಗೆ ಏನನ್ನೂ ಬದಲಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

[ದೃಶ್ಯ: ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಹತ್ತಿರದಿಂದ.]

ಗಾಡಿ ನಿಂತ ಕೂಡಲೇ, ತಣ್ಣಗಾಗಲು ಬಿಡುವ ಮೊದಲೇ, ಟ್ಯಾಂಕಿನ ಮುಚ್ಚಳ ತೆರೆಯಿರಿ. ಮುಚ್ಚಳದಲ್ಲಿರುವ ಗಾಳಿರಂಧ್ರ ತುಕ್ಕು ಅಥವಾ ಧೂಳಿನಿಂದ ಕಟ್ಟಿದ್ದರೆ ಪೆಟ್ರೋಲು ಇಳಿದಂತೆಲ್ಲ ಟ್ಯಾಂಕಿನೊಳಗೆ ನಿರ್ವಾತ ಉಂಟಾಗಿ ಹರಿವು ನಿಲ್ಲುತ್ತದೆ. ತೆರೆದಾಗ ಉಸ್ಸೆಂದು ಗಾಳಿ ಒಳಗೆ ಎಳೆದುಕೊಂಡು, ಮರುಗಳಿಗೆಯಲ್ಲೇ ಗಾಡಿ ಚಾಲೂ ಆದರೆ ನಿಮ್ಮ ರೋಗ ಅದೇ. ಸೂಜಿಯೊಂದರಿಂದ ರಂಧ್ರ ಬಿಡಿಸಿದರೆ ಕೆಲಸ ಮುಗಿಯಿತು. ಈ ಪರೀಕ್ಷೆಗೆ ಕಾಸಿನ ಖರ್ಚಿಲ್ಲ, ಆದ್ದರಿಂದ ಇದೇ ಮೊದಲು.

ಎರಡನೆಯದು ಕಿಡಿ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಅದನ್ನು ಅದರ ತಂತಿಗೆ ಸಿಕ್ಕಿಸಿಕೊಂಡೇ ಪ್ಲಗ್ ರಂಧ್ರದಿಂದ ಸಾಕಷ್ಟು ದೂರದಲ್ಲಿ, ಬಣ್ಣವಿಲ್ಲದ ಲೋಹಕ್ಕೆ ತಾಗಿಸಿಟ್ಟು ಕಿಕ್ ಹೊಡೆಯಿರಿ. ರಂಧ್ರದಿಂದ ಪೆಟ್ರೋಲಿನ ಆವಿ ಚಿಮ್ಮುವುದರಿಂದ ಕಿಡಿ ಅದರ ಹತ್ತಿರ ಇದ್ದರೆ ಬೆಂಕಿ ಹತ್ತುತ್ತದೆ, ಈ ವಿಷಯದಲ್ಲಿ ಅಸಡ್ಡೆ ಬೇಡ. ಕಿಡಿ ನೀಲಿಯಾಗಿ, ಚಟಚಟ ಸದ್ದಿನೊಂದಿಗೆ ಬಂದರೆ ಒಳ್ಳೆಯದು. ಹಳದಿ ಅಥವಾ ಕೆಂಪು ಬಣ್ಣದಲ್ಲಿ ಸೊರಗಿ ಬಂದರೆ ಇಂಜಿನ್ನಿನ ಬಲಬದಿಯ ದುಂಡನೆಯ ಮುಚ್ಚಳ ತೆಗೆದು ಪಾಯಿಂಟುಗಳನ್ನು, ಅಂದರೆ ತೆರೆದು ಮುಚ್ಚುತ್ತಾ ಕಿಡಿ ಹುಟ್ಟಿಸುವ ಪುಟ್ಟ ಸ್ವಿಚ್ಚನ್ನು, ನೋಡಬೇಕು.

[ದೃಶ್ಯ: ಪಾಯಿಂಟುಗಳು ತೀರಾ ಹತ್ತಿರದಿಂದ, ಫೀಲರ್ ಗೇಜಿನ ಎಲೆ ಒಳಗೆ ಹೋಗುತ್ತಿರುವುದು.]

ಇಲ್ಲಿ ಸ್ವಲ್ಪ ನಿಧಾನಿಸೋಣ. ಪಾಯಿಂಟುಗಳು ಗರಿಷ್ಠ ತೆರೆದ ಸ್ಥಿತಿಯಲ್ಲಿ ಅವುಗಳ ನಡುವಿನ ಅಂತರ 0.4 ಮಿಲಿಮೀಟರು ಇರಬೇಕು. ಅಂತರ ಅಳೆಯುವ ಫೀಲರ್ ಗೇಜಿನ ತೆಳು ಲೋಹದ ಎಲೆ ಹಗುರವಾದ ಎಳೆತದೊಂದಿಗೆ ಜಾರಬೇಕೇ ಹೊರತು, ಪಾಯಿಂಟನ್ನು ತಳ್ಳಿ ತೆರೆಯುವಂತಿರಬಾರದು. ಮೇಲ್ಮೈ ಬೂದು ಬಣ್ಣದಲ್ಲಿ ಸಮವಾಗಿದ್ದರೆ ಸ್ವಚ್ಛವಾದ ಕಾಗದವೊಂದನ್ನು ನಡುವೆ ಎಳೆದು ಒರೆಸಿದರೆ ಸಾಕು. ಒಂದು ಬದಿಯಲ್ಲಿ ಗುಳಿ, ಇನ್ನೊಂದು ಬದಿಯಲ್ಲಿ ಸಣ್ಣ ಗುಬುಟು ಎದ್ದಿದ್ದರೆ, ಅಥವಾ ಇಂಜಿನ್ ಓಡುವಾಗ ಪಾಯಿಂಟುಗಳ ನಡುವೆ ನೀಲಿ ಕಿಡಿ ಎದ್ದುಕಾಣುವಷ್ಟು ಹಾರುತ್ತಿದ್ದರೆ, ಅನುಮಾನ ಕಂಡೆನ್ಸರಿನ, ಅಂದರೆ ಪಾಯಿಂಟುಗಳ ನಡುವೆ ಕಿಡಿ ಹಾರದಂತೆ ತಡೆಯುವ ಭಾಗದ, ಮೇಲೆ ಹೋಗಬೇಕು. ಹಳೆಯ ಕಂಡೆನ್ಸರಿನ ಒಳಗಿನ ನಿರೋಧಕ ಪದರ ತಣ್ಣಗಿರುವಾಗ ಸರಿಯಾಗಿಯೇ ಕೆಲಸ ಮಾಡುತ್ತದೆ, ಇಂಜಿನ್ನಿನ ಶಾಖ ಅದನ್ನು ತಲುಪಿದ ಮೇಲೆ ಸೋರತೊಡಗುತ್ತದೆ. ನಮ್ಮ ದೂರು ಇದ್ದದ್ದು ನಿಖರವಾಗಿ ಹೀಗೆಯೇ ಎಂಬುದನ್ನು ಗಮನಿಸಿ. ಹೊಸ ಕಂಡೆನ್ಸರನ್ನು ತಂತಿಯ ಮೂಲಕ ತಾತ್ಕಾಲಿಕವಾಗಿ ಜೋಡಿಸಿ, ಶಾಖ ತಾಗದಂತೆ ಇಂಜಿನ್ನಿನಿಂದ ದೂರ ಕಟ್ಟಿ ಒಂದು ಸುತ್ತು ಓಡಿಸಿದರೆ, ಹಳೆಯದನ್ನು ಎಸೆಯುವ ಮೊದಲೇ ಉತ್ತರ ಸಿಗುತ್ತದೆ. ಅಂತರ ಬದಲಿಸಿದಾಗ ಟೈಮಿಂಗೂ, ಅಂದರೆ ಕಿಡಿ ಹಾರುವ ಗಳಿಗೆಯೂ, ಬದಲಾಗುತ್ತದೆ, ಆದ್ದರಿಂದ ಅಂತರ ಹೊಂದಿಸಿದ ನಂತರವೇ ನಿಮ್ಮ ಮಾದರಿಯ ಕೈಪಿಡಿ ಹೇಳುವ ಅಳತೆಗೆ ಟೈಮಿಂಗ್ ಇಡಬೇಕು, ಮೊದಲಲ್ಲ. ಪಾಯಿಂಟನ್ನು ತಳ್ಳಿ ತೆರೆಯುವ ತಿರುಗುವ ಉಬ್ಬು, ಅಂದರೆ ಕ್ಯಾಮ್, ಉಜ್ಜುವ ಪಾಯಿಂಟಿನ ಹಿಮ್ಮಡಿಗೆ ಸಾಸಿವೆ ಕಾಳಿನಷ್ಟು ಗ್ರೀಸ್ ಹಚ್ಚುವುದನ್ನು ಮರೆಯಬೇಡಿ. ಹಿಮ್ಮಡಿ ಸವೆದಂತೆಲ್ಲ ಅಂತರ ತಾನಾಗಿ ಕುಗ್ಗುತ್ತದೆ.

ಕಿಡಿ ಸರಿಯಿದೆ, ಪೆಟ್ರೋಲು ಸರಿಯಾಗಿ ಬರುತ್ತಿದೆ, ಆದರೂ ಬಿಸಿಯಾದಾಗ ಗಾಡಿ ಸೊರಗುತ್ತದೆ ಎಂದಾದರೆ ಆಯಿಲ್ ಸೀಲುಗಳ ವಿಚಾರಕ್ಕೆ ಬರಬೇಕು. ಟೂ ಸ್ಟ್ರೋಕ್ ಇಂಜಿನ್ನಿನಲ್ಲಿ ಗಾಳಿ-ಪೆಟ್ರೋಲಿನ ಮಿಶ್ರಣ ಮೊದಲು ಪಿಸ್ಟನ್ನಿನ ಕೆಳಗೆ ತಿರುಗುವ ಕ್ರ್ಯಾಂಕ್ ಇರುವ ಕೋಣೆಗೆ ಹೋಗಿ, ಅಲ್ಲಿ ಒತ್ತಲ್ಪಟ್ಟು, ನಂತರ ಸಿಲಿಂಡರಿಗೆ ಏರುತ್ತದೆ. ಆ ಕೋಣೆಯ ಎರಡೂ ಬದಿಯನ್ನು ಮುಚ್ಚಿರುವುದು ಕ್ರ್ಯಾಂಕಿನ ಎರಡು ರಬ್ಬರ್ ಸೀಲುಗಳು. ಬಲಬದಿಯ ಸೀಲು ಗಟ್ಟಿಯಾಗಿ ಬಿರಿದರೆ ಡೈನಮೋ ಬದಿಯಿಂದ ಹೊರಗಿನ ಗಾಳಿ ನುಗ್ಗಿ ಮಿಶ್ರಣ ತೆಳುವಾಗುತ್ತದೆ: ಆಕ್ಸಿಲರೇಟರ್ ಬಿಟ್ಟರೂ ಇಂಜಿನ್ ವೇಗ ಇಳಿಯದೆ ಅರಚುತ್ತದೆ, ಪ್ಲಗ್ ಬಿಳಿಚಿಕೊಳ್ಳುತ್ತದೆ, ಪಾಯಿಂಟು ಇರುವ ಕೋಣೆ ಎಣ್ಣೆಯ ಪಸೆಯಿಂದ ಒದ್ದೆಯಾಗಿರುತ್ತದೆ. ಎಡಬದಿಯ ಸೀಲು ಹೋದರೆ ಕ್ಲಚ್ ಕಡೆಯ ಗೇರ್ ಆಯಿಲನ್ನು ಇಂಜಿನ್ ಹೀರಿಕೊಳ್ಳುತ್ತದೆ: ಬಿಸಿಯಾದ ಮೇಲೂ ದಟ್ಟ ಹೊಗೆ ನಿಲ್ಲುವುದಿಲ್ಲ, ಪ್ಲಗ್ ಕಪ್ಪಾಗಿ ಜಿಡ್ಡಾಗುತ್ತದೆ, ನೆಲದ ಮೇಲೆ ಒಂದು ಹನಿಯೂ ಬೀಳದೆ ಗೇರ್ ಆಯಿಲ್ ಮಾತ್ರ ಕಡಿಮೆಯಾಗುತ್ತಾ ಹೋಗುತ್ತದೆ. ಈ ಎರಡು ಚಿತ್ರಗಳನ್ನು ಬೇರೆಬೇರೆಯಾಗಿ ಗುರುತಿಸಬಲ್ಲವರು ಇಡೀ ಇಂಜಿನ್ ಬಿಚ್ಚಿಸುವ ಸಲಹೆಗೆ ಸುಲಭವಾಗಿ ತಲೆಯಾಡಿಸುವುದಿಲ್ಲ. ಸೀಲು ಬದಲಿಸುವ ಕೆಲಸಕ್ಕೆ ಬಿಗಿಯಾಗಿ ಕೂತ ಭಾಗವನ್ನು ಎಳೆದು ತೆಗೆಯುವ ಸರಿಯಾದ ಪುಲ್ಲರ್ ಬೇಕು. ಅದಿಲ್ಲದೆ ಸುತ್ತಿಗೆ, ಸ್ಕ್ರೂಡ್ರೈವರ್ ಹಿಡಿದು ಹೊರಡುವುದಾದರೆ, ಆ ಒಂದು ಕೆಲಸವನ್ನು ಯೆಜ್ಡಿ ಬಲ್ಲ ಮೆಕ್ಯಾನಿಕ್ ಕೈಗೆ ಕೊಡುವುದೇ ಲೇಸು.

[ದೃಶ್ಯ: ಎರಡೂ ಸೈಲೆನ್ಸರುಗಳ ತುದಿಗೆ ಅಂಗೈಗಳನ್ನು ಸ್ವಲ್ಪ ದೂರದಲ್ಲಿ ಹಿಡಿದಿರುವುದು.]

ಇನ್ನು ಕಾರ್ಬನ್. ಯೆಜ್ಡಿಗೆ ಸಿಲಿಂಡರ್ ಒಂದೇ ಆದರೂ ಹೊಗೆ ಹೋಗುವ ದಾರಿಗಳು ಎರಡು. ಇಂಜಿನ್ ಓಡುವಾಗ ಎರಡೂ ಸೈಲೆನ್ಸರುಗಳ ತುದಿಯಿಂದ ಗೇಣು ದೂರದಲ್ಲಿ ಅಂಗೈ ಹಿಡಿದು ನೋಡಿ. ಒಂದು ಬದಿಯ ಒತ್ತಡ ಮೆತ್ತಗಿದ್ದರೆ ಆ ಕಡೆ ಕಾರ್ಬನ್ ಕಟ್ಟಿದೆ ಎಂದರ್ಥ. ಸೈಲೆನ್ಸರಿನ ಒಳಗಿರುವ, ಸದ್ದು ತಗ್ಗಿಸುವ ಕಬ್ಬಿಣದ ಬ್ಯಾಫಲನ್ನು ಹೊರತೆಗೆದು ಕಾಸ್ಟಿಕ್ ಸೋಡಾ ನೀರಿನಲ್ಲಿ ರಾತ್ರಿಯಿಡೀ ನೆನೆಸಿ ಉಜ್ಜಿದರೆ ಶುದ್ಧವಾಗುತ್ತದೆ. ಸೋಡಾವನ್ನು ನೀರಿಗೆ ಸ್ವಲ್ಪಸ್ವಲ್ಪವಾಗಿ ಹಾಕಬೇಕು, ಸೋಡಾದ ಮೇಲೆ ನೀರು ಸುರಿಯಬಾರದು. ಕೈಗೆ ರಬ್ಬರ್ ಗವಸು, ಕಣ್ಣಿಗೆ ಕನ್ನಡಕ ಇರಲೇಬೇಕು. ಅಲ್ಯೂಮಿನಿಯಂ ಭಾಗಗಳನ್ನು ಅದರಲ್ಲಿ ಅದ್ದಿದರೆ ಲೋಹವೇ ಕರಗುತ್ತದೆ, ಹಾಗಾಗಿ ಹೆಡ್ಡು, ಪಿಸ್ಟನ್ನುಗಳಿಗೆ ಈ ಚಿಕಿತ್ಸೆ ಸಲ್ಲದು. ಅವುಗಳ ಕಾರ್ಬನ್ನನ್ನು ಬಿದಿರಿನ ಚೂಪು ತುಂಡಿನಿಂದ ತಾಳ್ಮೆಯಾಗಿ ಕೆರೆಯಬೇಕು, ಉಕ್ಕಿನ ಹತಾರ ಮುಟ್ಟಿಸಬಾರದು.

ಎಣ್ಣೆಯ ಬಗ್ಗೆ ಹೇಳುವುದಾದರೆ, ಈ ಇಂಜಿನ್ನಿಗೆ ಪ್ರತಿ ಲೀಟರ್ ಪೆಟ್ರೋಲಿಗೆ 40 ಮಿಲಿಲೀಟರ್ ಟೂ-ಟಿ (ಟೂ ಸ್ಟ್ರೋಕ್ ಇಂಜಿನ್ನಿನ) ಎಣ್ಣೆ ಬೆರೆಸುವುದು ಬಹುತೇಕ ಮಾಲೀಕರ ರೂಢಿ, ಅಂದರೆ 25ಕ್ಕೆ 1ರ ಪ್ರಮಾಣ. ಕಣ್ಣಳತೆಯಲ್ಲಿ ಹಾಕದೆ ಅಳತೆಯ ಲೋಟ ಬಳಸಿ. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥೆನಾಲ್ ಇರುತ್ತದೆ. ಅದು ನೀರಿನ ಅಂಶ ಹೀರುವುದರಿಂದ ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕು ಒಳಗೇ ತುಕ್ಕು ಹಿಡಿಯುತ್ತದೆ, ಹಳೆಯ ರಬ್ಬರ್ ಪೈಪು ಉಬ್ಬಿ ಮೆತ್ತಗಾಗುತ್ತದೆ. ಮಳೆಗಾಲದಲ್ಲಿ ಗಾಡಿ ಓಡಿಸುವುದಿಲ್ಲವೆಂದಾದರೆ ಟ್ಯಾಂಕನ್ನೂ ಕಾರ್ಬುರೇಟರಿನ ಬಟ್ಟಲನ್ನೂ ಖಾಲಿ ಮಾಡಿ, ಟ್ಯಾಂಕಿನ ಒಳಮೈಗೆ ತೆಳುವಾಗಿ ಎಣ್ಣೆ ಸವರಿ ಇಡಬೇಕು.

ಘಟ್ಟ ಇಳಿಯುವಾಗ ವಿಶೇಷ ಎಚ್ಚರ ಬೇಕು. ಚಾರ್ಮಾಡಿಯಂಥ ಉದ್ದನೆಯ ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಮುಚ್ಚಿ, ಇಂಜಿನ್ನಿನ ಹಿಡಿತದಲ್ಲೇ ಇಳಿದರೆ ಪೆಟ್ರೋಲು ಒಳಗೆ ಹೋಗುವುದು ತೀರಾ ಕಡಿಮೆ. ಪೆಟ್ರೋಲಿನ ಜೊತೆಗೇ ಬರಬೇಕಾದ ಎಣ್ಣೆಯೂ ಸಾಕಷ್ಟು ಹೋಗುವುದಿಲ್ಲ, ಪಿಸ್ಟನ್ ಮಾತ್ರ ವೇಗವಾಗಿ ಓಡುತ್ತಲೇ ಇರುತ್ತದೆ. ಆಗಾಗ ಕ್ಲಚ್ ಹಿಡಿದು ಒಂದೆರಡು ಬಾರಿ ಆಕ್ಸಿಲರೇಟರ್ ತಿರುವಿದರೆ ಎಣ್ಣೆ ತಲುಪುತ್ತದೆ.

[ದೃಶ್ಯ: ಹಳೆಯ ಕ್ಲಚ್ ಕೇಬಲಿನ ಪಕ್ಕದಲ್ಲೇ ಹೊಸ ಕೇಬಲ್ ಕಟ್ಟುತ್ತಿರುವುದು.]

ಪ್ರಯಾಣಕ್ಕೆ ಮುನ್ನ ಬ್ರೇಕಿನ ಡ್ರಮ್ ಬಿಚ್ಚಿದಾಗ ಧೂಳನ್ನು ಊದಬೇಡಿ, ಹಳೆಯ ಲೈನರುಗಳಲ್ಲಿ ಆಸ್ಬೆಸ್ಟಾಸ್ ಇರಬಹುದಾದ್ದರಿಂದ ಒದ್ದೆ ಬಟ್ಟೆಯಿಂದ ಒರೆಸಿ. ಟೈರಿನ ಪಕ್ಕದಲ್ಲಿರುವ ನಾಲ್ಕಂಕಿಯ ಗುರುತಿನಲ್ಲಿ ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ಹೊಸ ಕ್ಲಚ್ ಕೇಬಲನ್ನು ಹಳೆಯದರ ಪಕ್ಕದಲ್ಲೇ ಎಳೆದು ಕಟ್ಟಿಟ್ಟರೆ, ದಾರಿಯಲ್ಲಿ ಕಡಿದಾಗ ತುದಿಗಳನ್ನು ಸಿಕ್ಕಿಸಿದರೆ ಸಾಕು.

ದುರಸ್ತಿಯ ನಂತರದ ಮೊದಲ ಓಟ ಮನೆಯ ಸುತ್ತಮುತ್ತಲೇ ಇರಲಿ, ಆದರೆ ಇಂಜಿನ್ ಪೂರ್ತಿ ಕಾಯುವಷ್ಟು ದೂರ ಇರಲಿ, ಏಕೆಂದರೆ ನಾವು ಹುಡುಕುತ್ತಿರುವ ದೋಷ ತಣ್ಣಗಿರುವ ಗಾಡಿಯಲ್ಲಿ ಕಾಣಿಸುವುದೇ ಇಲ್ಲ. ಹಿಂತಿರುಗಿದ ಮೇಲೆ ಪ್ಲಗ್ ಬಿಚ್ಚಿ ಅದರ ಪಿಂಗಾಣಿಯನ್ನು ಹಗಲು ಬೆಳಕಿನಲ್ಲಿ ನೋಡಿ. ಅದು ತಿಳಿ ಕಂದು ಬಣ್ಣಕ್ಕೆ ತಿರುಗಿದ್ದರೆ ಮಿಶ್ರಣ ಸರಿಯಿದೆ ಎಂದರ್ಥ, ಕಾರ್ಬುರೇಟರನ್ನು ಮುಟ್ಟಬೇಡಿ.