ಓತ್ರಾಂತೊದಲ್ಲಿ ಒಂದು ರಾತ್ರಿ ತಂಗಿ

ಕೇಳುಗರಿಗೆ ನಮಸ್ಕಾರ. ಇಟಲಿಗೆ ಹೋಗುವ ನಮ್ಮವರು ಸಾಮಾನ್ಯವಾಗಿ ರೋಮ್, ಫ್ಲಾರೆನ್ಸ್, ವೆನಿಸ್ ನೋಡಿ ಬಂದುಬಿಡುತ್ತಾರೆ. ಇವತ್ತು ನಾನು ಹೇಳುವುದು ತೆಂಕಣ ತುದಿಯ ಪುಲಿಯಾ ಪ್ರಾಂತದಲ್ಲಿ, ಸಮುದ್ರದ ದಂಡೆಗೆ ಅಂಟಿಕೊಂಡಿರುವ ಓತ್ರಾಂತೊ ಎಂಬ ಪುಟ್ಟ ಕೋಟೆಯೂರಿನ ಬಗ್ಗೆ. ಮೊದಲೇ ಹೇಳಿಬಿಡುತ್ತೇನೆ: ಅಲ್ಲಿ ಒಂದು ರಾತ್ರಿ ತಂಗಿ.

ಯಾಕೆಂದರೆ, ಹತ್ತಿರದ ಲೆಚ್ಚೆ ನಗರದಲ್ಲಿ ತಿಂಡಿ ಮುಗಿಸಿ ನಿಧಾನವಾಗಿ ಹೊರಟವರು ಊರು ಸೇರುವಷ್ಟರಲ್ಲಿ ಹನ್ನೊಂದೂವರೆ ದಾಟಿರುತ್ತದೆ. ಹನ್ನೆರಡರ ಹೊತ್ತಿಗೆ ಅಲ್ಲಿನ ಕೆಥೆಡ್ರಲ್‌ನ, ಅಂದರೆ ಊರಿನ ಮುಖ್ಯ ಚರ್ಚಿನ, ಬಾಗಿಲು ಹಾಕುತ್ತಾರೆ. ಮತ್ತೆ ತೆಗೆಯುವುದು ಸುಮಾರು ಮೂರರ ನಂತರ. ಅಷ್ಟು ಹೊತ್ತು ಬಿಸಿಲಲ್ಲಿ ಸುತ್ತಾಡಿ, ಐಸ್‌ಕ್ರೀಮ್ ತಿಂದು, ಕೋಟೆಯ ಮುಂದೆ ಫೋಟೊ ತೆಗೆಸಿಕೊಂಡು, 'ಆ ಊರಲ್ಲಿ ಏನೂ ಇಲ್ಲ' ಎಂದು ವಾಪಸ್ಸಾಗುತ್ತಾರೆ. ಇರುವುದೆಲ್ಲ ಆ ಬಾಗಿಲ ಒಳಗೆ, ನೆಲದ ಮೇಲೆ ಇದೆ ಸ್ವಾಮಿ!

1163ರಿಂದ 1165ರವರೆಗೆ ಪಾಂತಾಲೆಯೋನೆ ಎಂಬ ಸನ್ಯಾಸಿಯ ಮುಂದಾಳ್ತನದಲ್ಲಿ ಚರ್ಚಿನ ನೆಲಕ್ಕೆಲ್ಲ ಸಣ್ಣ ಸಣ್ಣ ಕಲ್ಲು ಕೂರಿಸಿ ಚಿತ್ರ ಬಿಡಿಸಿದರು. ಒಳಹೊಕ್ಕ ಕೂಡಲೇ ಮುಖ್ಯ ಬಾಗಿಲಿಗೆ ಬೆನ್ನು ಮಾಡಿ, ಪೂಜಾಪೀಠದ ಕಡೆ ಮುಖ ಮಾಡಿ ನಿಲ್ಲಿ. ಬೇರೆ ಕಡೆಯಿಂದ ನೋಡಿದರೆ ಚಿತ್ರ ತಲೆಕೆಳಗಾಗಿ ಕಾಣುತ್ತದೆ. ನಿಮ್ಮ ಕಾಲ ಬಳಿ ಎರಡು ಆನೆಗಳು. ಅವುಗಳ ಬೆನ್ನ ಮೇಲೆ ಒಂದು ಮರ. ಅದರ ಕಾಂಡ ಚರ್ಚಿನ ಉದ್ದಕ್ಕೂ ಬೆಳೆದುಕೊಂಡು ಹೋಗುತ್ತದೆ. ಕೊಂಬೆಗಳ ನಡುವೆ ನೋಹನ ಹಡಗು, ಬಾಬೆಲ್ ಗೋಪುರ, ಆರ್ಥರ್ ರಾಜ. ಹನ್ನೆರಡು ವೃತ್ತಗಳಲ್ಲಿ ಹನ್ನೆರಡು ತಿಂಗಳು, ಆಯಾ ತಿಂಗಳ ರಾಶಿ, ರೈತ ಮಾಡುವ ಕೆಲಸ.

ಅಲೆಕ್ಸಾಂಡರನನ್ನು ಮಾತ್ರ ಬಿಡದೆ ಹುಡುಕಿ. ಲೋಕವನ್ನೆಲ್ಲ ಗೆದ್ದವನಿಗೆ ಆಕಾಶವನ್ನೂ ನೋಡುವ ಆಸೆಯಾಯಿತಂತೆ. ಹದ್ದಿನ ತಲೆ, ಸಿಂಹದ ಮೈಯ ಎರಡು ಪ್ರಾಣಿಗಳನ್ನು ಉಪವಾಸ ಕೆಡವಿ, ತನ್ನ ಆಸನಕ್ಕೆ ಕಟ್ಟಿದ. ಈಟಿಯ ತುದಿಗೆ ಮಾಂಸ ಚುಚ್ಚಿ ಅವುಗಳ ತಲೆಯ ಮೇಲೆ ಹಿಡಿದ. ಮಾಂಸಕ್ಕೆ ಬಾಯಿ ಹಾಕಲು ಅವು ರೆಕ್ಕೆ ಬಡಿದವು, ಆಸನ ಮೇಲಕ್ಕೆದ್ದಿತು. ಇಳಿಯಬೇಕಾದಾಗ ಈಟಿಯನ್ನು ಕೆಳಕ್ಕೆ ತಿರುಗಿಸಿದ, ಅಷ್ಟೆ! ಮಧ್ಯಯುಗದ ಯುರೋಪಿನಲ್ಲಿ ಮನೆಮಾತಾಗಿದ್ದ ಕಥೆ ಇದು. ಇದನ್ನೆಲ್ಲ ಹತ್ತು ನಿಮಿಷದಲ್ಲಿ ನೋಡಲಾಗದು. ಸಂಜೆ ಒಮ್ಮೆ ನೋಡಿ, ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಇನ್ನೊಮ್ಮೆ ಹೋಗಿ. ಅದಕ್ಕೇ ಹೇಳಿದ್ದು, ರಾತ್ರಿ ತಂಗಿ ಅಂತ. ಭುಜ ಮುಚ್ಚುವ ಬಟ್ಟೆ ಇರಲಿ.

ಬಲಗಡೆಯ ಗುಡಿಯಲ್ಲಿ ಗಾಜಿನ ಕಪಾಟುಗಳ ತುಂಬ ತಲೆಬುರುಡೆ, ಮೂಳೆಗಳಿವೆ. ಚಿಕ್ಕ ಮಕ್ಕಳಿದ್ದರೆ ಮೊದಲೇ ಹೇಳಿಟ್ಟಿರಿ. 1480ರಲ್ಲಿ ತುರ್ಕರ ಆಟೋಮನ್ ಸೈನ್ಯ ಊರನ್ನು ಹಿಡಿದಾಗ ಎಂಟುನೂರಕ್ಕೂ ಹೆಚ್ಚು ಜನರ ತಲೆ ಕಡಿಯಲಾಯಿತು. ಅವರನ್ನು 2013ರಲ್ಲಿ ಸಂತರೆಂದು ಘೋಷಿಸಿದರು. ನೆಲಮಾಳಿಗೆಯ ಕಂಬಗಳನ್ನೂ ನೋಡಿಬನ್ನಿ, ಅವುಗಳ ಬೋದಿಗೆಗಳಲ್ಲಿ ಒಂದೊಂದರ ಕೆತ್ತನೆಯೂ ಬೇರೆ ಬೇರೆ.

ಹೋಗುವ ದಾರಿ: ರೋಮ್‌ನಿಂದ ಲೆಚ್ಚೆಗೆ ವೇಗದ ರೈಲಿನಲ್ಲೂ ಐದಾರು ಗಂಟೆ. ಅಲ್ಲಿಂದ ಸಣ್ಣ ರೈಲು, ಸಾಮಾನ್ಯವಾಗಿ ಮಾಲ್ಯೆಯಲ್ಲಿ ಬದಲಾಯಿಸಬೇಕು. ಕಾಗದದ ಟಿಕೆಟ್ ಆದರೆ ಹತ್ತುವ ಮೊದಲು ನಿಲ್ದಾಣದ ಯಂತ್ರದಲ್ಲಿ ಮುದ್ರೆ ಹಾಕಿಸಿ, ಇಲ್ಲದಿದ್ದರೆ ದಂಡ. ಭಾನುವಾರ ಈ ರೈಲುಗಳನ್ನು ನೆಚ್ಚಬೇಡಿ.

ಸಮಯ ಆಗುತ್ತಿದೆ, ಊಟದ ವಿಷಯ ಬೇಗ ಹೇಳಿಬಿಡುತ್ತೇನೆ. ಸಸ್ಯಾಹಾರಿಗಳು 'ಚಿಚೆರಿ ಎ ತ್ರಿಯಾ' ಕೇಳಿ: ಕಡಲೆಕಾಳಿನ ಜೊತೆ ಪಾಸ್ತಾ, ಅದರಲ್ಲಿ ಒಂದಿಷ್ಟನ್ನು ಗರಿಗರಿಯಾಗಿ ಕರಿದು ಹಾಕಿರುತ್ತಾರೆ. 'ಪಸ್ತಿಚೊತ್ತೊ' ಎಂಬ ಸಿಹಿ ತಿನಿಸಿನಲ್ಲಿ ಮೊಟ್ಟೆ ಇರುತ್ತದೆ, ಹಳೆಯ ಪದ್ಧತಿಯಲ್ಲಿ ಹಂದಿಕೊಬ್ಬನ್ನೂ ಹಾಕುತ್ತಾರೆ. ವಿಚಾರಿಸಿಯೇ ತಿನ್ನಿ. ನಮಸ್ಕಾರ.