ಹದಿನೈದು ವೋಲ್ಟಿನ ಬ್ಯಾಟರಿ ಹುಡುಕಿ ಹುಡುಕಿ ಸಾಕಾಯ್ತು

ನಮಸ್ಕಾರ. ಹಿಂದೆ ಬುಸ್ ಅಂತ ಕೇಳುತ್ತಿರುವುದು ಕೂಲರ್. ಕಲಬುರಗಿಯ ಮೇ ತಿಂಗಳಲ್ಲಿ ಕೂಲರ್ ಆಫ್ ಮಾಡಿ ವಾಯ್ಸ್ ಕೊಡುವಷ್ಟು ದೊಡ್ಡ ಕಲಾವಿದ ನಾನಲ್ಲ, ಅಡ್ಜಸ್ಟ್ ಮಾಡಿಕೊಳ್ಳಿ.

ಈ ಕಪ್ಪು ಡಬ್ಬಿ ನೋಡಿ. ಆವೋ ಮೀಟರ್, ಮಾಡೆಲ್ 8. ಕರೆಂಟ್, ವೋಲ್ಟೇಜ್, ಕರೆಂಟಿಗೆ ಇರುವ ತಡೆ, ಮೂರನ್ನೂ ಇದೊಂದೇ ಅಳೆಯುತ್ತದೆ; ಇದರ ಮುಂದೆ ಬೇರೆ ಎಲ್ಲಾ ಆಟಿಕೆ. ಆಂಪ್, ವೋಲ್ಟ್, ಓಮ್, ಮೂರರ ಮೊದಲ ಅಕ್ಷರ ಸೇರಿಸಿ ಆವೋ. ಬ್ರಿಟನ್ನಿನ ಅಂಚೆ ಇಲಾಖೆಯ ಎಂಜಿನಿಯರ್ ಡೊನಾಲ್ಡ್ ಮ್ಯಾಕೇಡಿ, ಒಂದೊಂದು ಅಳತೆಗೆ ಒಂದೊಂದು ಮೀಟರ್ ಹೊತ್ತು ಬೇಸತ್ತು ಮಾಡಿದ್ದಿದು. ಮೊದಲನೆಯದು ಬಂದಿದ್ದು 1923ರಲ್ಲಿ, ನಿಂತಿದ್ದು 2008ರಲ್ಲಿ. ಗುಜರಿಯವನು ನಾಲ್ಕು ಸಾವಿರ ಹೇಳಿದ, ನಾನು 2,600ಕ್ಕೆ ಇಳಿಸಿದೆ. "ಎಲ್ಲಾ ಚಾಲೂ ಅದ ಅಣ್ಣಾ" ಅಂದ.

ಎಲ್ಲಾ ಚಾಲೂ ಇಲ್ಲ. ವೋಲ್ಟ್, ಆಂಪ್ ಸರಿಯಾಗಿ ತೋರಿಸುತ್ತದೆ, ಅದಕ್ಕೆ ಬ್ಯಾಟರಿ ಬೇಡ. ಓಮ್‌ಗೆ ಬೇಕು, ಅದೂ ಎರಡು. ಒಂದು ಮಾಮೂಲಿ ದಪ್ಪ ಟಾರ್ಚ್ ಸೆಲ್. ಇನ್ನೊಂದು, ದೊಡ್ಡ ಓಮ್ ಅಳೆಯೋಕೆ, ಹದಿನೈದು ವೋಲ್ಟಿನದು. ಹದಿನೈದು! ನಮ್ಮೂರ ಸೂಪರ್ ಮಾರ್ಕೆಟ್ ಬಜಾರ್ ಪೂರ್ತಿ ಸುತ್ತಿದೆ. ಒಬ್ಬ ಒಂಬತ್ತು ಇದೆ ಅಂದ, ಇನ್ನೊಬ್ಬ ಕಾರ್ ರಿಮೋಟಿಗೆ ಹಾಕುವ ಹನ್ನೆರಡು ವೋಲ್ಟಿನದು ಕೊಟ್ಟು "ಮೂರು ವೋಲ್ಟ್ ಏನ್ ದೊಡ್ಡದ್ರಿ" ಅಂದ. ದೊಡ್ಡದು ಮಾರಾಯ, ಮೀಟರಿನ ಎರಡೂ ವೈರ್ ಒಂದಕ್ಕೊಂದು ಮುಟ್ಟಿಸಿದರೆ ಮುಳ್ಳು ಓಮ್ ಸೊನ್ನೆಗೆ ಬರಬೇಕು, ಬರಲೇ ಇಲ್ಲ. ಮೂರನೆಯವನು ನನ್ನನ್ನೇ ಮೇಲಿಂದ ಕೆಳಗೆ ನೋಡಿದ.

ಕೊನೆಗೆ ಐದು ಬಟನ್ ಸೆಲ್. ಒಂದೊಂದು ಮೂರು ವೋಲ್ಟ್, ಸಿಆರ್ 2032. ಒಂದರ ಮೇಲೊಂದು ಇಟ್ಟು, ಇನ್ಸುಲೇಷನ್ ಟೇಪ್ ಸುತ್ತಿ, ಎರಡೂ ತುದಿಗೆ ವೈರ್ ಹಚ್ಚಿದೆ. ಮುಳ್ಳು ಅರ್ಧದಾರಿಯಲ್ಲಿ ನಿಂತಿತು. ರಾತ್ರಿ ಹನ್ನೊಂದು ಗಂಟೆ, ಆ ಗುಜರಿಯವನನ್ನು ಬೈದೆ, ಮೀಟರನ್ನು ಬೈದೆ, ಇಂಗ್ಲೆಂಡನ್ನೂ ಬೈದೆ. ಟೇಪ್ ಬಿಚ್ಚಿ ನೋಡಿದರೆ ನಡುವಿನ ಒಂದು ಸೆಲ್ ನಾನೇ ಉಲ್ಟಾ ಇಟ್ಟಿದ್ದೆ. ನಾಲ್ಕು ಆ ಕಡೆ, ಒಂದು ಈ ಕಡೆ, ಉಳಿದಿದ್ದು ಬರೀ ಒಂಬತ್ತು ವೋಲ್ಟ್. ಆ ಭಾಗ ಎಡಿಟಿಂಗಲ್ಲಿ ಕತ್ತರಿಸೋಣ ಅಂದುಕೊಂಡಿದ್ದೆ, ಸುಮ್ನೆ ಇರಲಿ ಬಿಡಿ.

ಇದು ಮೋಟಾರ್ ರಿವೈಂಡಿಂಗ್, ಅಂದರೆ ಮೋಟಾರಿನೊಳಗಿನ ತಂತಿ ಹೊಸದಾಗಿ ಸುತ್ತುವ ಕೆಲಸ ಮಾಡುವ ಕಾಕಾನ ಅಂಗಡಿ. ನಮ್ಮ ಮನೆ ನೀರಿನ ಮೋಟಾರ್ ಬಾಡಿ ಮುಟ್ಟಿದರೆ ಜುಮ್ ಅನ್ನುತ್ತಿತ್ತು, ಅದನ್ನೇ ತಂದೆ. ಮೀಟರ್ ನೋಡಿ ಕಾಕಾ, "ಏನ್ ತಮ್ಮಾ, ತೂಕದ ಕಲ್ಲು ತಂದೀಯೇನು?"

ಗೋಡೆ ಮೇಲಿನ ಪಾನಾಗಳು ನೋಡಿ, ಹಿಡಿ ಸವೆದು ಬೆಳ್ಳಗಾಗಿವೆ. ಕಾಯಿಲ್ ಸುತ್ತುವ ಯಂತ್ರ ಇವತ್ತಿಗೂ ಕೈಯಿಂದಲೇ, ಪಕ್ಕದ ಕೌಂಟರ್ ಸುತ್ತು ಎಣಿಸುತ್ತದೆ. ತಂತಿಯನ್ನು ಸ್ಲಾಟಿಗೆ ಒತ್ತೋಕೆ ಬಿದಿರಿನ ಕಡ್ಡಿ, ಕಬ್ಬಿಣ ಆದರೆ ತಂತಿಯ ಮೇಲಿನ ವಾರ್ನಿಷ್ ಕೀಳುತ್ತದಂತೆ. ಬೀದರ್‌ನಲ್ಲಿ ಬಿದ್ರಿ ಕೆಲಸ ನೋಡಿದ್ದೀರಾ? ಸತು, ತಾಮ್ರದ ಪಾತ್ರೆ ಮೇಲೆ ಸಣ್ಣ ಉಳಿಯಿಂದ ಗೆರೆ ಕೆತ್ತಿ, ಅದರೊಳಗೆ ಬೆಳ್ಳಿ ಕೂಡಿಸಿ, ಆಮೇಲೆ ಕೋಟೆಯ ಮಣ್ಣಿನಿಂದ ಕಪ್ಪು ಮಾಡುತ್ತಾರೆ. ಅಲ್ಲೂ ಇದೇ ಥರ, ಉಳಿ ಹಳೆಯದಾದಷ್ಟೂ ಅದರ ಮೇಲೆ ಪ್ರೀತಿ ಜಾಸ್ತಿ. ಅಯ್ಯೋ, ಶಾಟ್ ಮುಗೀತು, ಬನ್ನಿ ಬನ್ನಿ.

ನನ್ನ ಆವೋ ಹಚ್ಚಿದೆ, ಒಂದು ವೈರ್ ವೈಂಡಿಂಗಿಗೆ, ಒಂದು ಬಾಡಿಗೆ. ಮುಳ್ಳು ಹೆಚ್ಚು ಕಡಿಮೆ ಅಲ್ಲಾಡಲೇ ಇಲ್ಲ. ಅಂದರೆ ತಂತಿಯಿಂದ ಬಾಡಿಗೆ ಕರೆಂಟ್ ಸೋರುತ್ತಿಲ್ಲ, ಮೋಟಾರ್ ಸರಿ ಇದೆ ಅಂತ ನಾನು ಎದೆ ಉಬ್ಬಿಸಿದೆ. ಕಾಕಾ ಏನೂ ಮಾತಾಡದೆ ಬೆಂಚಿನ ಕೆಳಗಿಂದ ಮೆಗ್ಗರ್, ಅಂದರೆ ಜೋರು ವೋಲ್ಟೇಜ್ ಕೊಟ್ಟು ಇನ್ಸುಲೇಷನ್ ಪರೀಕ್ಷಿಸುವ ಮೀಟರ್ ಎಳೆದರು. ಹಿಡಿ ತಿರುಗಿಸುವ ಹಳೇ ಮೆಗ್ಗರ್, ಒಳಗೆ ಸಣ್ಣ ಜನರೇಟರ್, ಬ್ಯಾಟರಿಯ ಹಂಗೇ ಇಲ್ಲ. ನಿಮಿಷಕ್ಕೆ ನೂರರವತ್ತು ಸುತ್ತಿನ ಹತ್ತಿರ ತಿರುಗಿಸಿದರೆ ಐನೂರು ವೋಲ್ಟ್ ಡಿಸಿ. ಅದಕ್ಕಿಂತ ಜೋರಾಗಿ ತಿರುಗಿಸಿದರೆ ಒಳಗಿನ ಕ್ಲಚ್ ಜಾರುತ್ತದೆ, ಆ ಜಾರುವಿಕೆ ಕೈಗೇ ಗೊತ್ತಾಗುತ್ತದೆ. ಮುಳ್ಳು ನೋಡಿ, ಸೊನ್ನೆ ಹತ್ತಿರ ಬಿತ್ತು. ಒಂದು ಮೆಗಾಓಮ್, ಅಂದರೆ ಹತ್ತು ಲಕ್ಷ ಓಮ್ ಕೂಡ ಇಲ್ಲ, ಬಾಡಿಗೆ ಕರೆಂಟ್ ಸೋರುತ್ತಿದೆ.

"ನಿನ್ನ ಹದಿನೈದು ವೋಲ್ಟಿಗೆ ಅದು ಹೆದರಂಗಿಲ್ಲ ತಮ್ಮಾ, ಐನೂರಕ್ಕ ಬಾಯಿ ಬಿಡ್ತದ" ಅಂದರು.

ಸರಿ, ಐದು ನಿಮಿಷದ ಹಿಂದೆ ಆವೋ ಮುಂದೆ ಬೇರೆ ಎಲ್ಲಾ ಆಟಿಕೆ ಅಂದಿದ್ದೆ, ವಾಪಸ್ ತಗೊಂಡೆ. ಹಾಗಂತ ಎಲ್ಲಾ ಹಳೇದೂ ಛಲೋ ಅಲ್ಲ. ನಿಯಾನ್ ಟೆಸ್ಟರ್ ನಂಗೆ ಆಗಿಬರಲ್ಲ. ನಮ್ಮೂರ ಬಿಸಿಲಲ್ಲಿ ಅದರ ಕೆಂಪು ಬೆಳಕು ಯಾರಿಗೆ ಕಾಣುತ್ತೆ ಹೇಳಿ? ಕೈ ಅಡ್ಡ ಹಿಡಿದು, ಕಣ್ಣು ಕಿರಿದು ಮಾಡಿ, ಇದೆಯೋ ಇಲ್ಲವೋ ಅಂತ ಇಣುಕೋದು. ಕಾಕಾನ ಜೇಬಿನಲ್ಲೂ ಒಂದಿದೆ ಅನ್ನೋದು ಬೇರೆ ಮಾತು.

ಮೋಟಾರ್ ಬಿಚ್ಚಿ ವೈಂಡಿಂಗ್ ಹೊಸದಾಗಿ ಸುತ್ತಬೇಕಂತೆ, ನಾಡಿದ್ದು ಬಾ ಅಂದರು. ಅಲ್ಲಿವರೆಗೆ ಮನೆಯಲ್ಲಿ ಕೊಡ ಹೊರೋದು ನಾನೇ. ಹೊರಟಾಗ ಕಾಕಾ ಮೀಟರನ್ನು ಕೈಯಲ್ಲಿ ಎತ್ತಿ, ಬಟ್ಟೆಯಿಂದ ಗಾಜು ಒರೆಸಿ, "ಮೂರು ಸಾವಿರ ಕೊಡ್ತೀನಿ, ಇಲ್ಲೇ ಇಡ್ತೀ ಏನು?" ಅಂದರು. ತೂಕದ ಕಲ್ಲು ಅಂದಿದ್ದರಲ್ವಾ ಈಗಷ್ಟೇ! ಕೊಡಲ್ಲ ಅಂದೆ. ಮೂರೂವರೆ ಅಂದರು.